ಹುಬ್ಬಳ್ಳಿಯಲ್ಲೊಂದು ಲೇಬರ್ ಕನ್ಸಲ್ಟನ್ಸಿ: ಪಗಾರ ಪಟ್ಟಿ ಓದಲು ಬರುವವರು ಕೊನೆಗೂ ಸಿಕ್ಕರು

ಪಗಾರ, ಪಿಎಫ್ ಥರದ ಕಾರ್ಮಿಕ ಕಾಯ್ದೆಗಳ ಕೆಲಸ ನೋಡಿಕೊಡುವ ಈ ಕನ್ಸಲ್ಟನ್ಸಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಮ್ಮಿ ಅಂತ ಕೊನೆಯ ಭಾಗದಲ್ಲಿ ಬರೆದಿದ್ದೇನೆ, ಆತುರ ಇದ್ದವರು ನೇರ ಅಲ್ಲಿಗೇ ಹೋಗಿ. ಹೆಸರು ಹಾಕುತ್ತಿಲ್ಲ. ಹೊಗಳಿಕೆಯ ಜೊತೆ ದೂರೂ ಇದೆ, ಹುಬ್ಬಳ್ಳಿ-ಧಾರವಾಡದಲ್ಲಿ ಈ ಕೆಲಸ ಮಾಡುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ, ಸುಮ್ನೆ ಯಾಕೆ ಅಲ್ವಾ.

ನಮ್ಮದು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಷಿನ್ ಶಾಪ್. ವಾಲ್ವಿನ ಬಿಡಿಭಾಗ ಮಾಡುತ್ತೇವೆ, ಧಾರವಾಡದ ಬೇಲೂರು ಕಡೆಯ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. ಎಲ್ಲ ಸೇರಿ ಮೂವತ್ತರ ಆಸುಪಾಸು ಮಂದಿ. ಇನ್‌ಸ್ಪೆಕ್ಷನ್, ಪ್ಯಾಕಿಂಗ್ ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ. ಎಚ್‌ಆರ್ ಅಂತ ಬೇರೆ ಕುರ್ಚಿ ಇಲ್ಲ. ಹಾಜರಿ ಸೂಪರ್‌ವೈಸರ್ ಹಾಕುತ್ತಾನೆ, ಪಗಾರ ಪಟ್ಟಿ ಅಕೌಂಟೆಂಟ್ ಮಾಡುತ್ತಾನೆ, ಸಹಿ ನನ್ನದು. ಈ ಅಳತೆಯ ಯೂನಿಟ್ ಇರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೇರೆ ಒಬ್ಬರಿದ್ದರು. ತಿಂಗಳ ಎರಡನೇ ವಾರ ವಾಟ್ಸಾಪ್‌ನಲ್ಲಿ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಚಲನ್ ಬರುತ್ತಿತ್ತು, 15ನೇ ತಾರೀಖಿನೊಳಗೆ ಕಟ್ಟುತ್ತಿದ್ದೆವು, ಅಷ್ಟೇ ಸಂಬಂಧ. ಫೀ ಕಮ್ಮಿ, ಕಿರಿಕಿರಿ ಇಲ್ಲ. ಹಾಗಂತ ಅವರು ಕೆಟ್ಟವರಲ್ಲ, ಹೇಳಿದಷ್ಟು ಮಾಡುತ್ತಿದ್ದರು. ಆದರೆ 2025ರ ನವೆಂಬರ್ 21ಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೆ ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ. ಹಳೆಯ 29 ಕಾಯ್ದೆಗಳು ಇವುಗಳೊಳಗೆ ಹೋದವು. ಇದರಿಂದ ನಮಗೇನು ಬದಲಾಗುತ್ತದೆ ಅಂತ ಅವರನ್ನು ಕೇಳಿದರೆ ಎಂಭತ್ತು ಪುಟದ ಇಂಗ್ಲಿಷ್ ಪಿಡಿಎಫ್ ಒಂದು ಬಂತು, ಕೆಳಗೊಂದು ಕೈಮುಗಿಯುವ ಎಮೋಜಿ. ಅಷ್ಟರಲ್ಲಿ ಶಾಪಿನಲ್ಲಿ ಬೇರೆಯದೇ ಸುದ್ದಿ ಓಡಾಡುತ್ತಿತ್ತು. ವಾರಕ್ಕೆ ನಾಲ್ಕೇ ದಿನ ಕೆಲಸವಂತೆ, ಮೂರು ದಿನ ರಜೆಯಂತೆ, ಕೈಗೆ ಬರುವ ಪಗಾರ ಅರ್ಧ ಆಗುತ್ತದಂತೆ. ಬಟವಡೆ ದಿನ ಹುಡುಗರು ಸಾಲಾಗಿ ಬಂದು ಕೇಳಿದರು. ಎಸ್ಟೇಟಿನಲ್ಲೇ ಪರಿಚಯದ ಒಬ್ಬರು ಈ ಹೊಸ ಕನ್ಸಲ್ಟನ್ಸಿಯ ನಂಬರ್ ಕೊಟ್ಟರು.

ಮೊದಲ ಭೇಟಿಯಲ್ಲೇ ನನಗೆ ಹಿಡಿಸಿದ್ದು, ಅವರು ಕಾಯ್ದೆಯ ಬಗ್ಗೆ ಭಾಷಣ ಶುರು ಮಾಡಲಿಲ್ಲ. ಮೂರು ತಿಂಗಳ ಪಗಾರ ಪಟ್ಟಿ, ಮಸ್ಟರ್ (ಹಾಜರಿ ಪುಸ್ತಕ), ಅಡ್ವಾನ್ಸ್ ಬರೆಯುವ ನೋಟ್‌ಬುಕ್, ಒಂದು ಅಪಾಯಿಂಟ್‌ಮೆಂಟ್ ಲೆಟರ್ ತನ್ನಿ ಅಂದರು. ನಮ್ಮ ಫೈಲ್ ನೋಡುವ ಮೇಡಂ ಪೆನ್ಸಿಲ್ ಹಿಡಿದುಕೊಂಡು ಪಗಾರ ಪಟ್ಟಿಯನ್ನು ಸಾಲುಸಾಲಾಗಿ ಓದಿದರು. ಚಲನ್ ಕಟ್ಟಿಸುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪಟ್ಟಿ ಓದುವವರನ್ನು ನಾನು ಅವತ್ತೇ ನೋಡಿದ್ದು.

ಒಂದು ಸಾಲು ಹೇಳುತ್ತೇನೆ. ನಮ್ಮ ಸೀನಿಯರ್ ಸೂಪರ್‌ವೈಸರ್ ಪಗಾರ 36,000. ಪಟ್ಟಿಯಲ್ಲಿ ಅದನ್ನು ಹೀಗೆ ಒಡೆದಿದ್ದರು: ಬೇಸಿಕ್ ಮತ್ತು ಡಿಎ 15,000, ಮನೆ ಬಾಡಿಗೆ 9,000, ಕನ್ವೇಯನ್ಸ್ 5,000, ಸ್ಪೆಷಲ್ ಅಲೋಯನ್ಸ್ 7,000. ಈ 15,000 ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಪಿಎಫ್ ಕಡ್ಡಾಯವಾಗಿ ಕಟ್ಟಬೇಕಾದ ವೇತನದ ಮಿತಿ ಅಷ್ಟೇ ಇದೆ, ಎಲ್ಲರೂ ಹಾಗೇ ಒಡೆಯುತ್ತಾರೆ. ಹೊಸ ವೇತನ ಸಂಹಿತೆಯಲ್ಲಿ ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಪಗಾರದ ಶೇ 50 ದಾಟಿದರೆ ದಾಟಿದ್ದಷ್ಟನ್ನು ವೇತನಕ್ಕೇ ಸೇರಿಸಬೇಕು. ಇಷ್ಟು ನನಗೂ ಗೊತ್ತಿತ್ತು. ಅಕೌಂಟೆಂಟ್ ಅಂತೂ ಮೊದಲೇ ಲೆಕ್ಕ ಹಾಕಿ 18,000 ಅಂತ ಬರೆದಿಟ್ಟಿದ್ದ. ಮೇಡಂ ಅದನ್ನು ಹೊಡೆದುಹಾಕಿ 22,000 ಬರೆದರು. ಯಾಕೆ ಅಂತ ಕೇಳಿದರೆ, ಹೊರಗಿಡುವ ಪಟ್ಟಿಯಲ್ಲಿ ಮನೆ ಬಾಡಿಗೆ ಭತ್ಯೆ ಇದೆ, ಕನ್ವೇಯನ್ಸ್ ಇದೆ, ಓವರ್‌ಟೈಮ್ ಇದೆ, ಕಮಿಷನ್ ಇದೆ, ಸ್ಪೆಷಲ್ ಅಲೋಯನ್ಸ್ ಅನ್ನುವ ಹೆಸರೇ ಇಲ್ಲ ನೋಡಿ ಅಂತ ಪುಟ ತೆಗೆದು ತೋರಿಸಿದರು. ಅಂದರೆ ಆ 7,000 ಮೊದಲಿನಿಂದಲೇ ವೇತನದೊಳಗೆ. ಅರ್ಧದ ಲೆಕ್ಕ ಆಮೇಲಿನ ಮಾತು. ನಮ್ಮ ಕೇಸಿನಲ್ಲಿ ಹೊರಗಿದ್ದದ್ದು 14,000 ಮಾತ್ರ, ಅರ್ಧ ದಾಟುವ ಪ್ರಶ್ನೆಯೇ ಬರಲಿಲ್ಲ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಲೆಕ್ಕ ಸರ್ವಿಸಿನ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳ ವೇತನವನ್ನು 26ರಿಂದ ಭಾಗಿಸಿ. 15,000ಕ್ಕೆ ವರ್ಷಕ್ಕೆ ಸುಮಾರು 8,654 ರೂಪಾಯಿ, 22,000ಕ್ಕೆ 12,692. ಹತ್ತು ವರ್ಷ ಸರ್ವಿಸ್ ಆದವನಿಗೆ ಹತ್ತಿರ ಹತ್ತಿರ 40,000 ಫರಕು, ಅದೂ ಒಬ್ಬನಿಗೆ. ಮೇಡಂ ಹಳೇ ಹುಡುಗರ ಹೆಸರಿನ ಮುಂದೆಲ್ಲ ಹೀಗೆ ಅಂಕಿ ಬರೆದು ಒಟ್ಟು ಹಾಕಿ ಕೈಗೆ ಕೊಟ್ಟರು. ನೋಡಿದವನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ, ಆದರೆ ನಾಳೆ ಗೊತ್ತಾಗುವುದಕ್ಕಿಂತ ಇವತ್ತು ಗೊತ್ತಾಗುವುದು ಮೇಲು. ಕರ್ನಾಟಕದಲ್ಲಿ 2024ರ ಜನವರಿಯಿಂದಲೇ ಗ್ರಾಚ್ಯುಟಿಗೆ ವಿಮೆ ಕಡ್ಡಾಯ ಮಾಡುವ ನಿಯಮ ಇದೆ ಅನ್ನುವುದನ್ನೂ ಅವರೇ ಹೇಳಿದರು. ಈಗ ಎಲ್‌ಐಸಿಯ ಗ್ರೂಪ್ ಗ್ರಾಚ್ಯುಟಿಗೆ ವರ್ಷಕ್ಕಿಷ್ಟು ಅಂತ ಕಟ್ಟುವ ಏರ್ಪಾಡು ನಡೆದಿದೆ. ವರ್ಷದ ಕರಾರಿನ ಮೇಲೆ ಹುಡುಗರನ್ನು ಇಟ್ಟುಕೊಳ್ಳುವವರು ಇನ್ನೊಂದು ಗಮನಿಸಿ: ಕರಾರಿನವರಿಗೆ ಈಗ ಐದು ವರ್ಷ ಕಾಯುವಂತಿಲ್ಲ, ಒಂದು ವರ್ಷ ಮಾಡಿದರೂ ಗ್ರಾಚ್ಯುಟಿ ಬರುತ್ತದೆ.

ಪಗಾರ ಅರ್ಧ ಆಗುತ್ತದೆ ಅನ್ನುವ ಪುಕಾರಿಗೆ ಉತ್ತರ ಸುಲಭವಾಗಿತ್ತು. 15,000ದ ಮಿತಿಗೇ ಪಿಎಫ್ ಕಟ್ಟುತ್ತಿದ್ದರೆ ಕಡಿತ ಮೊದಲಿನಂತೆಯೇ 1,800. ಕೇಂದ್ರ ಕಾರ್ಮಿಕ ಸಚಿವಾಲಯವೂ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ನಾಲ್ಕು ದಿನದ ವಾರದ ಕಥೆಯೂ ಅಷ್ಟೇ, ವಾರಕ್ಕೆ 48 ಗಂಟೆ ಹಾಗೇ ಇದೆ, ನಾಲ್ಕೇ ದಿನ ಬೇಕಂದರೆ ದಿನಕ್ಕೆ 12 ಗಂಟೆ ನಿಲ್ಲಬೇಕು. ಇದನ್ನು ಹೇಳಿದ ಮೇಲೆ ಶಾಪಿನಲ್ಲಿ ಯಾರೂ ಮತ್ತೆ ಆ ಮಾತು ಎತ್ತಿಲ್ಲ.

ಇಎಸ್‌ಐನಲ್ಲಿ ಮಾತ್ರ ಲೆಕ್ಕ ಉಲ್ಟಾ ಬಂತು. 24,000 ಪಗಾರದ ಆಪರೇಟರ್ ಒಬ್ಬ 21,000ದ ಮಿತಿ ದಾಟಿದ್ದಾನೆ ಅಂತ ಹೊರಗಿದ್ದ. ಆಗ ಮನೆ ಬಾಡಿಗೆಯೂ ಲೆಕ್ಕಕ್ಕೆ ಸೇರುತ್ತಿತ್ತು. ಹೊಸ ವ್ಯಾಖ್ಯೆಯಲ್ಲಿ 5,000 ಮನೆ ಬಾಡಿಗೆ ತೆಗೆದರೆ 19,000, ಅವನು ಒಳಗೆ. ಅವನ ಪಾಲು ಶೇ 0.75, ನಮ್ಮದು ಶೇ 3.25. ಇಂಥ ಹೆಸರುಗಳನ್ನು ಮೇಡಂ ಬೇರೆ ಹಾಳೆಯಲ್ಲಿ ಬರೆದು ಕೊಟ್ಟಿದ್ದರು. ಕಡಿತ ಬಂತು ಅಂತ ಗೊಣಗುತ್ತಾನೆ ಅಂದುಕೊಂಡು ಕರೆದು ಹೇಳಿದರೆ ಅವನು ಕೇಳಿದ್ದು ಒಂದೇ, "ಅವ್ವಗೂ ಕಾರ್ಡ್ ಬರತದೇನ್ರಿ ಸಾವ್ಕಾರ?" ತಾಯಿ ಅವನ ಮೇಲೆಯೇ ಅವಲಂಬಿತರು, ಬರುತ್ತದೆ.

ಇನ್ನು ಬಿಟ್ಟುಹೋಗುವವರ ಸಂಗತಿ. ನಮ್ಮ ಕಡೆ ಹುಡುಗರು ಹೇಳಿ ಹೋಗುವುದು ಅಪರೂಪ. ಪುಣೆಯಲ್ಲಿ ಕೆಲಸ ಸಿಕ್ಕಿತು, ಬೆಂಗಳೂರಿಗೆ ಭಾವ ಕರೆದ, ಊರಲ್ಲಿ ಹೊಲದ ಕೆಲಸ ಬಂತು, ಫೋನ್ ಸ್ವಿಚ್ ಆಫ್. ತಿಂಗಳಾದ ಮೇಲೆ ಬಂದು ಬಾಕಿ ಕೇಳುತ್ತಾರೆ. ಈಗ ಸಂಹಿತೆ ಹೇಳುವುದು, ಕೆಲಸ ಬಿಟ್ಟರೂ ತೆಗೆದರೂ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಆಗಬೇಕು. ರಾಜೀನಾಮೆಗೂ ಇದೇ. ಹೇಗೆ ಸಾಧ್ಯ ಅಂತ ಎಸ್ಟೇಟಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದೆವು. ಇವರು ಮಾಡಿಕೊಟ್ಟ ವ್ಯವಸ್ಥೆ ತೀರ ಸಾದಾ. ರಜೆ ಬಾಕಿ, ಅಡ್ವಾನ್ಸ್ ಬಾಕಿ, ಓವರ್‌ಟೈಮ್ ಈ ಮೂರನ್ನೂ ತಿಂಗಳ ಕೊನೆಯ ಬದಲು ಪ್ರತಿ ಶನಿವಾರ ಮುಗಿಸುವುದು. ಟೂಲ್ ಕಿಟ್, ವರ್ನಿಯರ್ ಕೊಟ್ಟಿದ್ದಕ್ಕೆ ಒಂದು ಸ್ಲಿಪ್. ಯಾರು ಯಾವತ್ತು ಹೋದರೂ ಲೆಕ್ಕ ಅವತ್ತೇ ಸಿಗುತ್ತದೆ. ಅಡ್ವಾನ್ಸ್ ವಸೂಲಿಗೂ ಒಂದು ಗೆರೆ ಹಾಕಿದರು: ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟುವಂತಿಲ್ಲ. ಮಗಳ ಮದುವೆಗೆ ಅಂತ ದೊಡ್ಡ ಅಡ್ವಾನ್ಸ್ ಕೊಟ್ಟು ಮುಂದಿನ ನಾಲ್ಕು ತಿಂಗಳು ಪೂರಾ ಪಗಾರ ಹಿಡಿಯುವ ನಮ್ಮ ಎಸ್ಟೇಟಿನ ರೂಢಿ ಇನ್ನು ನಡೆಯುವುದಿಲ್ಲ. ನಡೆಯದಿದ್ದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರೂ ಬೇಕಾದಷ್ಟಿದ್ದಾರೆ.

ಅಪಾಯಿಂಟ್‌ಮೆಂಟ್ ಲೆಟರ್ ವಿಷಯದಲ್ಲಿ ನಗು ಬರುವಂಥದ್ದು ನಡೆಯಿತು. ಈಗ ಎಲ್ಲರಿಗೂ ಲಿಖಿತ ನೇಮಕಾತಿ ಪತ್ರ ಕೊಡಲೇಬೇಕು. ಇವರು ಮೊದಲು ಕೊಟ್ಟಿದ್ದು ಇಂಗ್ಲಿಷ್ ನಮೂನೆ. ಕನ್ನಡದಲ್ಲಿ ಬೇಕು ಅಂದೆ, ಎರಡು ದಿನಕ್ಕೆ ಕನ್ನಡದ್ದು ಬಂತು. "ಸದರಿ ನೌಕರರು ಮೇಲ್ಕಾಣಿಸಿದ ಷರತ್ತುಗಳಿಗೆ ಬದ್ಧರಾಗಿರತಕ್ಕದ್ದು, ತಪ್ಪಿದಲ್ಲಿ" ಅಂತ ಶುರುವಾಗಿ ಮೂರು ಪುಟ. ಕುಂದಗೋಳದಿಂದ ಬರುವ ಲೇತ್ ಆಪರೇಟರ್ ಅದನ್ನು ಎರಡು ಸಲ ಓದಿ ಮುಖ ಸಪ್ಪೆ ಮಾಡಿಕೊಂಡು ಬಂದ. "ಸಾವ್ಕಾರ, ನಾ ಏನ್ ತಪ್ ಮಾಡೀನ್ರಿ, ಕೋರ್ಟಿನ ನೋಟಿಸ್ ಕೊಟ್ಟೀರಲ್ಲ?" ಆಮೇಲೆ ಮೇಡಂ ಮತ್ತು ನಾನು ಕೂತು ಒಂದೂವರೆ ಪುಟಕ್ಕೆ ಇಳಿಸಿದೆವು. ನಿಮ್ಮ ಕೆಲಸ ಇದು, ಪಾಳಿ ಇದು, ಪಗಾರ ಇಷ್ಟು, 7ನೇ ತಾರೀಖಿನೊಳಗೆ ಜಮಾ ಆಗುತ್ತದೆ, ಓವರ್‌ಟೈಮ್ ನೀವು ಒಪ್ಪಿದರೆ ಮಾತ್ರ, ಅದಕ್ಕೆ ಎರಡು ಪಟ್ಟು ದರ. ಅದೇ ನಮೂನೆಯನ್ನು ಅವರು ಈಗ ಬೇರೆ ಗಿರಾಕಿಗಳಿಗೂ ಕೊಡುತ್ತಿದ್ದಾರಂತೆ. ನನಗೆ ಫೀನಲ್ಲಿ ಏನೂ ಬಿಡಲಿಲ್ಲ, ಅದು ಬೇರೆ ಮಾತು.

ಕೇಂದ್ರದ ಸಂಹಿತೆ ಬಂತು ಅಂದ ಮಾತ್ರಕ್ಕೆ ರಾಜ್ಯದ ಕಾಯ್ದೆಗಳು ಹೋಗಿಲ್ಲ, ಇದು ಬಹಳ ಮಂದಿಗೆ ಗೊತ್ತಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಕಾರ್ಮಿಕ ಕಲ್ಯಾಣ ನಿಧಿ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆ ಎಲ್ಲ ಇದ್ದಲ್ಲೇ ಇವೆ. ನಾವು ಹೋದ ವರ್ಷ ತಗೊಂಡ ಪಗಾರದ ಸಾಫ್ಟ್‌ವೇರ್‌ನಲ್ಲಿ ಮೊದಲೇ ಹಾಕಿಟ್ಟ ರಜೆ ಪಟ್ಟಿಯೊಂದಿತ್ತು, ನವೆಂಬರ್ 1 ಅದರಲ್ಲಿ ಇರಲೇ ಇಲ್ಲ! ನಮ್ಮಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ಕಡ್ಡಾಯ, ಮೇಲೆ ಐದು ಹಬ್ಬದ ರಜೆ. ಮೇಡಂ ಅದನ್ನು ಕಂಡುಹಿಡಿದದ್ದಷ್ಟೇ ಅಲ್ಲ, ಹಬ್ಬದ ಐದು ಯಾವುವು ಅಂತ ನೀವೇ ಬರೆಯಬೇಡಿ, ಕೆಲಸಗಾರರನ್ನು ಕೇಳಿ ಅಂದರು. ಕೇಳಿದರೆ ಹೋಳಿ ಹುಣ್ಣಿಮೆ ಬೇಡ, ರಂಗಪಂಚಮಿ ಕೊಡಿ ಅಂದರು. ಹುಬ್ಬಳ್ಳಿಯಲ್ಲಿ ಬಣ್ಣ ಅವತ್ತು ತಾನೇ. ಮೊದಲೂ ಅವತ್ತು ಅರ್ಧ ಮಂದಿ ಬರುತ್ತಿರಲಿಲ್ಲ, ಗೈರುಹಾಜರಿ ಹಾಕಿ ಜಗಳ ಆಡುತ್ತಿದ್ದೆವು.

ಮುಟ್ಟಿನ ರಜೆ ಬಗ್ಗೆಯೂ ಕೆಲಸ ಚೊಕ್ಕ ಮಾಡಿದರು. 2025ರ ನವೆಂಬರ್‌ನ ರಾಜ್ಯ ಸರ್ಕಾರದ ಆದೇಶದ ಪ್ರಕಾರ ತಿಂಗಳಿಗೊಂದು ವೇತನಸಹಿತ ರಜೆ, ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ, ಈ ತಿಂಗಳದ್ದು ಮುಂದಿನ ತಿಂಗಳಿಗೆ ಕೂಡಿಡುವಂತಿಲ್ಲ. ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದವರೂ ಇದ್ದಾರೆ. ಕಾಗದದ ಮೇಲೆ ಇದು ಒಂದು ಸಾಲು. ಶಾಪಿನಲ್ಲಿ ಕಷ್ಟ ಏನಂದರೆ ನಮ್ಮ ಸೂಪರ್‌ವೈಸರ್ ಗಂಡಸು, ಪ್ಯಾಕಿಂಗ್ ಅಕ್ಕಂದಿರು ಅವನ ಮುಂದೆ ನಿಂತು ಇದನ್ನು ಹೇಳುವುದುಂಟಾ. ಮೇಡಂ ಅವರೇ ಒಂದು ಮಧ್ಯಾಹ್ನ ಶಾಪಿಗೆ ಬಂದು ಅವರ ಜೊತೆ ಬುತ್ತಿ ಬಿಚ್ಚಿ ಕೂತು ಮಾತಾಡಿ, ರಜೆ ರಿಜಿಸ್ಟರ್‌ನಲ್ಲಿ ಒಂದು ಅಕ್ಷರ ಮಾತ್ರ ಬರೆದರೆ ಸಾಕು, ಪ್ಯಾಕಿಂಗ್‌ನ ಹಿರಿಯಕ್ಕನ ಕೈಯಲ್ಲೇ ರಿಜಿಸ್ಟರ್ ಇರಲಿ ಅಂತ ಗೊತ್ತುಮಾಡಿದರು. ಈ ಭೇಟಿಗೆ ಬೇರೆ ಬಿಲ್ ಬಂದಿಲ್ಲ.

ಫೀ ತಿಂಗಳಿಗೆ 5,500, ಮೊದಲಿದ್ದವರ ಎರಡು ಪಟ್ಟಿಗೂ ಜಾಸ್ತಿ. ದುಬಾರಿ ಅನಿಸಿತ್ತು. ಆದರೆ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಗೆ ನಾವು ಅರ್ಹರು ಅಂತ ಹೇಳಿದ್ದೂ ಇವರೇ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೇರಿದವರಿಗೆ ಅದು. ಐವತ್ತರೊಳಗೆ ಮಂದಿ ಇರುವ ಯೂನಿಟ್ ಕನಿಷ್ಠ ಇಬ್ಬರನ್ನು ಹೆಚ್ಚಿಗೆ ತಗೊಂಡು ಆರು ತಿಂಗಳು ಉಳಿಸಿಕೊಂಡರೆ ಪಗಾರ ಎಷ್ಟು ಅನ್ನುವುದರ ಮೇಲೆ ತಲೆಗೆ ತಿಂಗಳಿಗೆ 3,000ದವರೆಗೆ ಮಾಲೀಕರಿಗೆ ಬರುತ್ತದೆ, ಎರಡು ವರ್ಷ, ನಮ್ಮಂಥ ಉತ್ಪಾದನಾ ಯೂನಿಟ್‌ಗಾದರೆ ನಾಲ್ಕು ವರ್ಷ. ಮೊದಲ ಸಲ ಪಿಎಫ್‌ಗೆ ಸೇರುವ ಹುಡುಗನಿಗೂ ಎರಡು ಕಂತಿನಲ್ಲಿ 15,000ದವರೆಗೆ. ಅದಕ್ಕೆ ಯುಎಎನ್ (ಪಿಎಫ್ ಸದಸ್ಯರ ನಂಬರ್) ಅನ್ನು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಮಾಡಬೇಕು. ನಮ್ಮ ಹೊಸ ಹುಡುಗನ ಆಧಾರ್ ಫೋಟೊ ಶಾಲೆಗೆ ಹೋಗುವಾಗಿನದು, ಈಗ ಮುಖದ ತುಂಬ ಗಡ್ಡ, ಆ್ಯಪ್ ಒಪ್ಪಲೇ ಇಲ್ಲ. ಆಧಾರ್ ಸರಿಮಾಡಿಸಿ ಮತ್ತೆ ಮಾಡಿಸುವವರೆಗೆ ಅವರ ಆಫೀಸಿನ ಹುಡುಗ ಬೆನ್ನು ಬಿಡಲಿಲ್ಲ.

ಈಗ ದೂರು. ಒಂದನೇದು, 12ರಿಂದ 15ನೇ ತಾರೀಖಿನವರೆಗೆ ಅಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಎಲ್ಲ ಗಿರಾಕಿಗಳ ಪಿಎಫ್, ಇಎಸ್‌ಐ ಆಗಲೇ, ಒಪ್ಪುತ್ತೇನೆ. ಆದರೆ ಬೇಲೂರಿನ ಕಂಪನಿ ಹಿಂದಿನ ತಿಂಗಳ ಪಿಎಫ್ ಚಲನ್ ಇಲ್ಲದೆ ನಮ್ಮ ಬಿಲ್ ಪಾಸ್ ಮಾಡುವುದಿಲ್ಲ, ನನಗೂ ಅದು ಬೇಕಾಗುವುದು ಅದೇ ದಿನಗಳಲ್ಲಿ. ಒಂದು ತಿಂಗಳು ಇದೇ ಕಾರಣಕ್ಕೆ ಪೇಮೆಂಟ್ ಹತ್ತು ದಿನ ಮುಂದೆ ಹೋಯಿತು. ಹೇಳಿದ ಮೇಲೆ ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ.

ಎರಡನೇದು ನನಗೆ ಸರಿಯೇ ಅನಿಸದ್ದು. ಹತ್ತು ಮಂದಿ ಇದ್ದರೆ ಸಾಕು, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಬೇಕು, ಅಧ್ಯಕ್ಷೆ ಹೆಣ್ಣುಮಗಳೇ ಆಗಿರಬೇಕು, ಹೊರಗಿನ ಒಬ್ಬ ಸದಸ್ಯರು ಇರಬೇಕು. ಆ ಹೊರಗಿನ ಸದಸ್ಯರಾಗಿ ತಮ್ಮ ಆಫೀಸಿನವರನ್ನೇ ಹಾಕುತ್ತೇವೆ, ವರ್ಷಕ್ಕೆ ಇಷ್ಟು ಅಂತ ಪ್ಯಾಕೇಜ್ ಮುಂದಿಟ್ಟರು. ನಮ್ಮಿಂದ ತಿಂಗಳ ಫೀ ತಗೊಳ್ಳುವವರು ನಮ್ಮ ವಿರುದ್ಧದ ದೂರು ಕೇಳಲು ಕೂರುವುದಾ? ಆ ಅಕ್ಕಂದಿರಿಗೆ ಯಾರ ಮೇಲೆ ನಂಬಿಕೆ ಬರಬೇಕು? ಬೇಡ ಅಂದೆ. ಧಾರವಾಡದಲ್ಲಿ ಮಹಿಳೆಯರ ವಿಷಯದಲ್ಲಿ ಕೆಲಸ ಮಾಡಿದ ವಕೀಲರೊಬ್ಬರನ್ನು ನಾವೇ ಹುಡುಕಿಕೊಂಡೆವು. ಎಸ್ಟೇಟಿನಲ್ಲಿ ಎಷ್ಟೋ ಯೂನಿಟ್‌ಗಳ ಸಮಿತಿ ಹಾಳೆಯಲ್ಲಿ ಒಂದೇ ಹೆಸರು ಇರುವುದನ್ನು ನೋಡಿದ್ದೇನೆ, ಹೆದರಿಕೆಯಾಗುತ್ತದೆ.

ಮೂರನೇದು ಸಣ್ಣದು. ವಾಟ್ಸಾಪ್ ಗ್ರೂಪಿನಲ್ಲಿ ದಿನಾ "ಅರ್ಜೆಂಟ್", "ಇಂದೇ ಕೊನೆಯ ದಿನ" ಅಂತ ಕೆಂಪು ಅಕ್ಷರದ ಪೋಸ್ಟರ್‌ಗಳು. ಅರ್ಧ ನಮಗೆ ಸಂಬಂಧವೇ ಇಲ್ಲದ್ದು, ಮುನ್ನೂರು ಮಂದಿ ಇರುವ ಕಾರ್ಖಾನೆಯ ಸ್ಟ್ಯಾಂಡಿಂಗ್ ಆರ್ಡರ್ (ಕೆಲಸದ ನಿಯಮಾವಳಿ) ತಗೊಂಡು ನಾನೇನು ಮಾಡಲಿ. ಆ ಗ್ರೂಪ್ ಮ್ಯೂಟ್ ಮಾಡಿ, ಮೇಡಂ ನಂಬರ್ ಮಾತ್ರ ಇಟ್ಟುಕೊಳ್ಳಿ.

ಯಾರಿಗೆ ಇವರು ಬೇಕು ಅಂದರೆ, ಇಪ್ಪತ್ತರಿಂದ ಐವತ್ತು ಮಂದಿ ಇರುವ, ದೊಡ್ಡ ಕಂಪನಿಗೆ ಮಾಲು ಕೊಡುವ ಯೂನಿಟ್‌ಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಹೋಗಿ. ಕೊಪ್ಪೀಕರ ರಸ್ತೆಯಲ್ಲಿ ನಾಲ್ಕು ಮಂದಿಯ ಬಟ್ಟೆ ಅಂಗಡಿ ಇದ್ದರೆ ಇಷ್ಟು ಫೀ ದಂಡ, ನಿಮ್ಮ ಆಡಿಟರ್ ಕಡೆಯಿಂದಲೇ ಕೆಲಸ ಆಗುತ್ತದೆ. ನಡುವೆ ಸಿಕ್ಕಿಕೊಂಡವರು ಹುಷಾರು. ಪಕ್ಕದ ಶೆಡ್‌ನಲ್ಲಿ ಹದಿನಾಲ್ಕು ಮಂದಿ ಇದ್ದಾರೆ. ವಿದ್ಯುತ್ ಬಳಸುವ ಕಡೆ ಕಾರ್ಖಾನೆ ಅನ್ನಿಸಿಕೊಳ್ಳುವ ಮಿತಿ 10ರಿಂದ 20ಕ್ಕೆ ಏರಿದೆ, ಇನ್ನು ನಮಗೇನೂ ಇಲ್ಲ ಅಂತ ಅವರು ಪೇಢೆ ಹಂಚಿದರು. ಆದರೆ ಹತ್ತು ಮಂದಿ ಇರುವ ಯಾವ ಸಂಸ್ಥೆಯೂ ಸುರಕ್ಷತಾ ಸಂಹಿತೆಯ ಒಳಗೇ ಇದೆ, ಇಎಸ್‌ಐ ಇದೆ, ಆಂತರಿಕ ಸಮಿತಿ ಇದೆ. ಪೇಢೆ ತಿಂದೇ ಈ ಮಾತು ಹೇಳಿದೆ, ಮುಖ ಗಂಟಿಕ್ಕಿಕೊಂಡರು.

ಹೋಗುವಾಗ ಪಗಾರ ಪಟ್ಟಿ, ಮಸ್ಟರ್, ಅಡ್ವಾನ್ಸ್ ಬುಕ್ ಇದ್ದ ಹಾಗೇ ಒಯ್ಯಿರಿ, ಹಿಂದಿನ ರಾತ್ರಿ ಕೂತು ತಿದ್ದಬೇಡಿ, ಮೇಡಂ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. 16ನೇ ತಾರೀಖಿನ ನಂತರ ಹೋಗಿ. ಏಪ್ರಿಲ್‌ನಿಂದ ಫೀ 6,500 ಅಂದಿದ್ದಾರೆ, 6,000ಕ್ಕೆ ಚೌಕಾಶಿ ನಡೆದಿದೆ.